ಟೆಕ್ಸಾಸಿನ ಹಿಮ, ಶಹಾಬಾದಿನ ಪರಸಿ

2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಿಮ ಬಿದ್ದಾಗ ನಾನು ಶಹಾಬಾದಿನ ಒಂದು ಪರಸಿ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ನೆಲಕ್ಕೆ ಹಾಸುವ ಬೂದುಬಣ್ಣದ ಚಪ್ಪಡಿಗೆ ನಮ್ಮ ಕಡೆ ಪರಸಿ ಅನ್ನುತ್ತಾರೆ. ಅದನ್ನು ಕೊಯ್ದು, ಪಾಲಿಶ್ ಮಾಡಿ ಹೊರದೇಶಕ್ಕೂ ಕಳಿಸುತ್ತಿದ್ದೆವು. ಇಂಗ್ಲಿಷಿನಲ್ಲಿ ಪತ್ರ ಬರೆಯುವುದು, ಫೋಟೊ ಕಳಿಸುವುದು ನನ್ನ ಪಾಲಿನ ಕೆಲಸ. ಚಿತ್ತಾಪುರದ ನಮ್ಮ ಮನೆಯಿಂದ ಹೊರಟು, ವಾಡಿಯಲ್ಲಿ ಗಾಡಿ ಬದಲಿಸಿ ದಿನವೂ ಹೋಗಿ ಬರುತ್ತಿದ್ದೆ.

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಟೆಕ್ಸಾಸಿನ ಗುತ್ತಿಗೆದಾರನಿಂದ ಆರು ಫೋಟೊ ಬಂದವು. ಹಿಂದಿನ ವರ್ಷ ಅವನು ನಮ್ಮ ಪರಸಿಯನ್ನು ಒಂದು ಮನೆಯ ಅಂಗಳಕ್ಕೆ ಹಾಸಿದ್ದ. ಈಗ ಅವು ಪದರು ಪದರಾಗಿ ಬಿಚ್ಚಿಕೊಂಡಿದ್ದವು. ಹಿಮಗಾಳಿ ಬೀಸಿತು, ದಿನಗಟ್ಟಲೆ ಕರೆಂಟ್ ಇರಲಿಲ್ಲ, ಮನೆಯೊಳಗಿನ ನೀರಿನ ಪೈಪುಗಳೇ ಒಡೆದವು, ಅಂಗಳದ ಕಲ್ಲಿಗೂ ಹೀಗಾಯಿತು ಎಂದು ಬರೆದಿದ್ದ. ಯಾಕೆ ಹೀಗಾಯಿತು ಎಂದಷ್ಟೇ ಅವನು ಕೇಳಿದ್ದು. ಪರಿಹಾರದ ಮಾತೇ ಎತ್ತಿರಲಿಲ್ಲ.

ನಮ್ಮ ಮಾಲಕರಿಗೆ ಅನುಮಾನ ಹುಟ್ಟಿದ್ದು ಅಲ್ಲಿಯೇ.

"ರೊಕ್ಕ ಕೇಳವಲ್ಲ ಅಂದ್ರ ಇದರಾಗ ಏನೋ ಅದ," ಅಂದರು. "ಟೆಕ್ಸಾಸ್ ಅಂದ್ರ ನಮ್ಮಂಗ ಬಿಸಿಲ ನಾಡು ಅಂತ ನೀವೇ ಹೇಳಿದ್ರಿ. ಅಲ್ಲಿ ಹಿಮ ಹ್ಯಾಂಗ ಬೀಳ್ತದ? ಸುತ್ತಿಗೀಲೆ ಬಡದು ಫೋಟೊ ತಗದಾನ."

ಮೊಬೈಲಿನಲ್ಲಿ ಸಿಕ್ಕ ವಿಡಿಯೊಗಳನ್ನು ಅವರ ಮುಂದೆ ಹಿಡಿದೆ. ಬಿಳಿ ರಸ್ತೆಗಳು, ಛಾವಣಿಯಿಂದ ಇಳಿಬಿದ್ದ ಮಂಜುಗಡ್ಡೆಯ ಕೋಲುಗಳು. ಅವರು ಎರಡು ಸಲ ನೋಡಿ, "ಇವೆಲ್ಲಾ ಈಗ ಕಂಪ್ಯೂಟರ್‌ನಾಗ ಮಾಡ್ತಾರ್ರಿ," ಎಂದು ಮೊಬೈಲು ಮರಳಿಸಿದರು.

ಆ ವಾರ ರೈಲಿನಲ್ಲಿ ಕೂತು ಅಮೆರಿಕದ ಹಿಮದ ಚರಿತ್ರೆಯನ್ನೇ ಓದಿದೆ. 1888ರ ಜನವರಿಯಲ್ಲಿ, ಬೆಳಿಗ್ಗೆ ಹವೆ ಬೆಚ್ಚಗಿದೆ ಎಂದು ನಂಬಿ ಅಲ್ಲಿಯ ಬಯಲುಸೀಮೆಯ ಮಕ್ಕಳು ದಪ್ಪ ಕೋಟು ಇಲ್ಲದೆ ಶಾಲೆಗೆ ಹೋಗಿದ್ದರು. ಹಿಮಗಾಳಿ ಒಮ್ಮೆಲೇ ಎರಗಿತು. ಮನೆಯ ದಾರಿ ಕಾಣದೆ ಎಷ್ಟೋ ಮಕ್ಕಳು ಸತ್ತರು. ಅದೇ ವರ್ಷ ಮಾರ್ಚಿಯಲ್ಲಿ ಹಿಮಗಾಳಿಗೆ ನ್ಯೂಯಾರ್ಕಿನ ಟೆಲಿಗ್ರಾಫ್ ತಂತಿಗಳೆಲ್ಲ ಹರಿದುಬಿದ್ದು ಊರು ಮೂಕವಾಯಿತು. ಬೆಚ್ಚಗಿದ್ದ ಕಡೆಯೂ ಹಿಮ ಒಮ್ಮೆಲೇ ಎರಗಬಲ್ಲದು ಎಂದು ಓದುತ್ತ ಓದುತ್ತ ಆ ಗುತ್ತಿಗೆದಾರನ ಮಾತು ನಿಜವೆಂದು ನನಗೆ ಅನ್ನಿಸಿತು. ಆದರೆ ಅವನ ಮೇಲಿನ ಅನುಮಾನ ಇಳಿದದ್ದೇ ತಡ, ನನ್ನ ತಲೆ ಇನ್ನೊಬ್ಬರ ಕಡೆ ತಿರುಗಿತು.

ನಮ್ಮಲ್ಲಿ ಕಲ್ಲು ಆರಿಸುತ್ತಿದ್ದವರು ಒಬ್ಬ ವಯಸ್ಸಾದ ಮಿಸ್ತ್ರಿ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದೆವು. ಬೆರಳ ಗೆಣ್ಣಿನಿಂದ ಕಲ್ಲು ತಟ್ಟಿ ಸಪ್ಪಳ ಕೇಳಿ, ಇದು ಹೋಗಲಿ, ಇದು ಇರಲಿ ಎಂದು ಬೇರೆ ಮಾಡುತ್ತಿದ್ದರು. ಟೆಕ್ಸಾಸಿಗೆ ಮಾಲು ತುಂಬಿದ ದಿನ ಕಾರ್ಖಾನೆಯ ಹಿಂದಿನ ಗೇಟಿನಿಂದ ಪರಸಿ ಹೇರಿದ ಟ್ರ್ಯಾಕ್ಟರೊಂದು ಹೊರಗೆ ಹೋದದ್ದನ್ನು ನಾನು ನೋಡಿದ್ದೆ. ಚಾಚಾ ಅದರ ಪಕ್ಕದಲ್ಲಿ ನಿಂತಿದ್ದರು. ಒಳ್ಳೆಯ ಕಲ್ಲು ಆ ದಾರಿಯಲ್ಲಿ ಹೋಗಿ, ಸೇಡಂ ಕಡೆಯ ಯಾವುದೋ ಖಣಿಯ ಕಳಪೆ ಕಲ್ಲು ಅಮೆರಿಕಕ್ಕೆ ಹೋಯಿತೇ? ಎರಡು ದಿನ ಅದನ್ನೇ ಮನಸ್ಸಿನಲ್ಲಿ ಮಥಿಸಿದೆ. ಮೂರನೆಯ ದಿನ ಮಾಲಕರಿಗೆ ಹೇಳಿಬಿಟ್ಟೆ. ಚಾಚಾನನ್ನು ಒಂದು ಮಾತೂ ಕೇಳಲಿಲ್ಲ.

ಮರುದಿನ ಮಾಲಕರು ಕಾರಣ ಹೇಳದೆ ಚಾಚಾನನ್ನು ಕೆಲಸದಿಂದ ಬಿಡಿಸಿದರು. ಅವರು ಆಫೀಸಿನ ಬಾಗಿಲ ತನಕ ಬಂದರು. "ಅಕ್ಕೋರೆ, ನಾ ಏನ್ ಮಾಡೀನಂತ ಹೇಳ್ಯಾರೇನ್ರಿ?" ಎಂದು ಕೇಳಿದರು. ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ನನಗ ಗೊತ್ತಿಲ್ಲ ಚಾಚಾ," ಅಂದೆ.

ಆ ಸುಳ್ಳು ನನ್ನನ್ನು ಕೂರಗೊಡಲಿಲ್ಲ. ಕಲ್ಲು ಹಿಮಕ್ಕೇ ಒಡೆಯುತ್ತದೆಯೇ ಎಂದು ನಾನೇ ಪರೀಕ್ಷಿಸಿ ನೋಡಬೇಕೆನಿಸಿತು. ವಾಡಿ ಸ್ಟೇಷನ್ನಿನ ಎದುರು ನಮ್ಮ ಸೋದರಮಾವನದು ತಂಪು ಪಾನೀಯದ ಅಂಗಡಿ. ಟೆಕ್ಸಾಸಿನ ಮಾಲಿನಲ್ಲೇ ಉಳಿದಿದ್ದ ಒಂದು ಪರಸಿಯಿಂದ ಎರಡು ತುಂಡು ಕತ್ತರಿಸಿಕೊಂಡು ಹೋದೆ. ಒಂದನ್ನು ಎರಡು ದಿನ ನೀರಲ್ಲಿ ನೆನೆಸಿದೆ, ಇನ್ನೊಂದು ಒಣಗಿದ್ದೇ ಇತ್ತು. ಎರಡನ್ನೂ ಐಸ್‌ಕ್ರೀಮಿನ ಫ್ರೀಜರಿನಲ್ಲಿ ಇಟ್ಟೆ. ಬೆಳಿಗ್ಗೆ ಗಾಡಿ ಬದಲಿಸುವಾಗ ಹೊರಗೆ ತೆಗೆದು, ನೆನೆಸಿದ್ದನ್ನು ನೀರಿನ ಬಕೆಟ್ಟಿಗೆ ಹಾಕುವುದು, ಸಂಜೆ ಮರಳುವಾಗ ಮತ್ತೆ ಒಳಗೆ ಇಡುವುದು.

"ಊರ ಮಂದಿ ಐಸ್‌ಕ್ರೀಮ್ ಇಡ್ತಾರ, ನೀ ಕಲ್ಲ ಇಡಾಕತ್ತೀದಿ," ಎಂದು ಮಾವ ಗೊಣಗಿದ.

ಹನ್ನೊಂದನೆಯ ದಿನ ನೆನೆದ ತುಂಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಮೂರು ದಿನ ಕಳೆಯುವಷ್ಟರಲ್ಲಿ ಅದು ಫೋಟೊದಲ್ಲಿದ್ದ ಹಾಗೆಯೇ ಪದರಾಗಿ ಕೈಗೆ ಬಂತು. ಒಣಗಿದ ತುಂಡಿಗೆ ಏನೂ ಆಗಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಅದರ ಬದಲು, "ಮಾವ, ನೀ ಕೆಡವಿದೇನು ಇದನ್ನ?" ಎಂದು ಕೇಳಿದೆ. ಮಾವ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಮಾಲಕರಿಗೆ ತುಂಡು ತೋರಿಸಿದೆ. "ನೋಡ್ರಿ ಮತ್ತ, ಮಿಸ್ತ್ರಿ ಆರಿಸಿದ ಕಲ್ಲೇ ಹಾಳು," ಅಂದರು.

"ಹಂಗಿದ್ರ ನೀವೇ ಒಂದು ಆರಿಸಿ ಕೊಡ್ರಿ," ಅಂದೆ.

ಅವರು ಗೋದಾಮೆಲ್ಲ ತಿರುಗಿ ತಮಗೆ ಅತಿ ಗಟ್ಟಿ ಅನ್ನಿಸಿದ ಕಲ್ಲು ಆರಿಸಿದರು. ಅದರ ತುಂಡಿನ ಮೇಲೆ ತಾವೇ ಸಹಿ ಮಾಡಿದರು. ನಾನು ಬದಲಾಯಿಸಿಯೇನು ಎಂಬ ಅನುಮಾನ ಅವರಿಗೆ. ಹಾಗೆಯೇ ನೆನೆಸಿ ಫ್ರೀಜರಿನಲ್ಲಿಟ್ಟ ಆ ತುಂಡು ಹದಿನಾರನೆಯ ದಿನ ಬಿಚ್ಚಿಕೊಂಡಿತು. ಸಹಿ ಮೇಲಿನ ಪದರಿನ ಜೊತೆ ಎದ್ದು ಬಂದಿತ್ತು. ಮಾಲಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಪದರಿನಾಗ ನೀರ ಹೋಗಿ ಐಸ್ ಗಡ್ಡೆ ಆಗಿ ಉಬ್ಬಿದ್ರ ಕಲ್ಲರ ಏನ್ ಮಾಡ್ತದ," ಅಂದರು.

"ಹಂಗಾದ್ರ ಆವತ್ತು ಟ್ರ್ಯಾಕ್ಟರಿನಾಗ ಹೋಗಿದ್ದೇನ್ರಿ?" ನಾನು ಕೇಳಿದೆ.

ಅವರು ಹಣೆ ಉಜ್ಜಿಕೊಂಡರು. "ಒಡದ ತುಂಡು. ಚಿಂಚೋಳಿಯಾಗ ಮಿಸ್ತ್ರಿ ತಂಗಿ ಮನಿ ಅದ, ಅಂಗಳಕ್ಕ ಹಾಕ್ತೀನಿ ಅಂದಿದ್ದ. ನಾನೇ ಒಯ್ಯಿ ಅಂದಿದ್ದೆ. ಮರತೇ ಬಿಟ್ಟೆ ನೋಡ್ರಿ."

ಹಿಮ ಬೀಳುವ ಕಡೆ ಈ ಕಲ್ಲನ್ನು ಬಯಲಿಗೆ ಹಾಸಬೇಡಿ, ಮನೆಯೊಳಗೆ ಹಾಸಿ ಎಂದು ಆ ದಿನವೇ ಟೆಕ್ಸಾಸಿಗೆ ಬರೆದೆ. ಕಲ್ಲು ಹೀಗೆ ಒಡೆಯುತ್ತದೆಂದು ನಮಗೂ ಗೊತ್ತಿರಲಿಲ್ಲ ಎಂದೂ ಬರೆದೆ. ಎರಡೇ ಸಾಲಿನ ಉತ್ತರ ಬಂತು: ಥ್ಯಾಂಕ್ಸ್, ಮೊದಲು ನಾನು ನನ್ನ ಕೆಲಸಗಾರರ ಮೇಲೆಯೇ ಅನುಮಾನ ಪಟ್ಟಿದ್ದೆ.

ಮಾಲಕರು ಚಾಚಾನನ್ನು ಮತ್ತೆ ಕೆಲಸಕ್ಕೆ ಕರೆಸಿಕೊಂಡರು. ನಾನು ಚಾಚಾನ ಮುಂದೆ ನಿಂತು, ಅವರ ಮೇಲೆ ದೂರು ಹೇಳಿದ್ದು ನಾನೇ ಎಂದು ಒಪ್ಪಿಕೊಂಡೆ. ಅವರು ಟವೆಲಿನಿಂದ ಕೈಯ ದೂಳು ಒರೆಸಿಕೊಂಡರು.

"ಅನುಮಾನ ಬಂತಂತ ಸಿಟ್ಟಿಲ್ರಿ ಅಕ್ಕೋರೆ. ಕಲ್ಲು ನೋಡಿದ್ರ ನನಗೂ ದಿನಾ ಬರ್ತದ. ಆದ್ರ ನಾ ಕಲ್ಲಿಗಿ ತಟ್ಟಿ ಕೇಳ್ತೀನಿ. ನೀವು ನನ್ನ ಕೇಳಲಿಲ್ಲ."

ತಪ್ಪಾಯಿತು ಅಂದೆ. ಅವರು ತಲೆಯಾಡಿಸಿದರು, ಕ್ಷಮಿಸಿದೆ ಎಂದು ಮಾತ್ರ ಅನ್ನಲಿಲ್ಲ. ಒಂದೂವರೆ ತಿಂಗಳು ಕೆಲಸ ಮಾಡಿ, ಆಮೇಲೆ ಸೇಡಂನ ಬೇರೆ ಕಾರ್ಖಾನೆಗೆ ಹೋದರು. ಹೋಗುವಾಗ ಮಾಲಕರಿಗೆ ಹೇಳಿ ಹೋದರು. ನನಗೆ ಹೇಳಲಿಲ್ಲ.