ಅಕ್ಕಿ ಕೇರಿ ಆರಿಸಿದ ಕ್ಯಾಸೆಟ್ಟು

ಈ ಸಲ ನನ್ನ ತಮ್ಮನ ಮುಸುಕಿನ ಜೋಳಕ್ಕೆ ಗಿಣಿಗಳ ಕಾಟ ವಿಪರೀತ. ಹಳೇ ಕ್ಯಾಸೆಟ್ಟಿನ ಟೇಪು ಬಿಚ್ಚಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರೆ ಅದು ಗಾಳಿಗೆ ಗುಂಯ್ ಅನ್ನುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ಗಿಣಿ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಮೊನ್ನೆ ಹೊಲದಿಂದ ನೇರವಾಗಿ ಬಂಗಾರಪೇಟೆಯ ನನ್ನ ಮನೆಗೇ ಬಂದ. “ಅಕ್ಕಾ, ನಿನ್ ಅಟ್ಟದ್ ಮ್ಯಾಲೆ ಅಳೇ ಕ್ಯಾಸೆಟ್ ಅವಲ್ಲ, ಕೊಟ್ಬುಡು. ಈಗ್ಯಾರ್ ಕೇಳ್ತಾರೆ ಅವ್ನ?” ಎಂದ. ಮಾತು ನಿಜವೇ. ಆದರೂ ನಿಜವಾದ ಮಾತಿಗೆಲ್ಲ ಸಿಟ್ಟು ಬರುವ ವಯಸ್ಸು ನನ್ನದು. ಗೊಣಗಿಕೊಂಡೇ ತಗಡಿನ ಡಬ್ಬ ಇಳಿಸಿದೆ.

ಮುಚ್ಚಳ ತೆಗೆದರೆ ನುಸಿಗುಳಿಗೆಯ ಜೊತೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಎಷ್ಟು ವರ್ಷವಾದರೂ ಕೈಗೆ ಮರೆವಿಲ್ಲ ನೋಡಿ, ಒಂದೊಂದನ್ನೂ ಎತ್ತಿ ಕಿಂಡಿಯಲ್ಲಿ ಕಾಣುವ ಟೇಪಿನ ಬಣ್ಣ ನೋಡಿತು. ಕಂದು ಬಣ್ಣದ್ದು ಸಾದಾ, ಕಡುಕಂದು ಕ್ರೋಮ್ ಎಂಬ ದುಬಾರಿ ಟೇಪು. ತಳದಲ್ಲಿ ಕೆಂಪು ಟವಲ್ಲಿನ ತುಂಡಿನಲ್ಲಿ ಸುತ್ತಿಟ್ಟಿದ್ದ ಒಂದು ಮಾತ್ರ ಮಸಿಯಷ್ಟು ಕಪ್ಪು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಉಳಿದವನ್ನು ನಾಳೆ ಒಯ್ಯಿ ಎಂದು ತಮ್ಮನನ್ನು ಕಳಿಸಿದೆ.

ಆ ಟವಲ್ಲು ದೊಡ್ಡಪ್ಪನದು. ಸ್ವಂತ ದೊಡ್ಡಪ್ಪನಲ್ಲ, ಚಿನ್ನದ ಗಣಿಯ ಊರು ಕೋರಮಂಡಲ್‌ನಲ್ಲಿ ಪಕ್ಕದ ಮನೆಯವರು.

ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ನಾನು ಮದುವೆಯಾಗಿ ಹೋದದ್ದು ಅಲ್ಲಿಗೆ. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಕೆಲಸ. ಕ್ವಾರ್ಟರ್ಸ್ ಸಿಗುವ ತನಕ ಗಣಿಯವರ ಸಾಲುಮನೆಯಲ್ಲಿ ಬಾಡಿಗೆಗಿದ್ದೆವು. ಎರಡು ಮನೆಯ ನಡುವೆ ಒಂದೇ ತಟ್ಟಿಗೋಡೆ. ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು. ದೊಡ್ಡಪ್ಪ ತಮಿಳಿನವರು, ದೊಡ್ಡಮ್ಮ ನಮ್ಮ ಕಡೆಯ ಕನ್ನಡದವರು. ಅದೆಂಥ ಮದುವೆಯೋ, ಯಾರು ಒಪ್ಪಿದರೋ, ಯಾರು ಬಿಟ್ಟರೋ... ಕೇಳಿದರೆ ಇಬ್ಬರೂ ನಗುತ್ತಿದ್ದರು, ಹೇಳುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಸಾಲಿನ ಮಕ್ಕಳನ್ನೆಲ್ಲ ದೊಡ್ಡಮ್ಮನೇ ಜೋಗುಳ ಹಾಡಿ ಮಲಗಿಸುತ್ತಿದ್ದರು. ನನ್ನ ಮಗಳೂ ಆ ಹಾಡಿಗೇ ನಿದ್ದೆ ಕಲಿತದ್ದು.

ದೊಡ್ಡಪ್ಪ ಗಣಿಯ ಆಳದಲ್ಲಿ ಬಂಡೆ ಕೊರೆಯುವ ಮೆಷಿನ್ ಹಿಡಿದವರು. ಆ ಮೆಷಿನ್ ಅವರ ಕಿವಿಯನ್ನು ಅರ್ಧ ತಿಂದಿತ್ತು. ಪಾಳಿ ಬದಲಾಗುವಾಗ ಗಣಿಯ ಸಂಗು, ಅಂದರೆ ಸೈರನ್ನು, ಕೂಗಿದರೆ, ಲಾರಿ ಬಂದರೆ, ಗಂಡಸರು ಮಾತಾಡಿದರೆ ಕೇಳಿಸುತ್ತಿತ್ತು. ಹಕ್ಕಿ, ಗೆಜ್ಜೆ, ಸೈಕಲ್ ಬೆಲ್ಲು ಯಾವುದೂ ಇಲ್ಲ. ದೊಡ್ಡಮ್ಮನದು ಹೆಂಗಸರಲ್ಲಿ ತುಸು ದಪ್ಪ ದನಿ, ಹಾಗಾಗಿ ಹತ್ತಿರ ಕೂತರೆ ಅವರ ಹಾಡು ದೊಡ್ಡಪ್ಪನಿಗೆ ತಲುಪುತ್ತಿತ್ತು. ದೂರದಿಂದ ಕರೆದರೆ ಊಹೂಂ. ಊಟದ ಹೊತ್ತಿಗೆ ಅವರು ಅಂಗಳದಲ್ಲಿ ಟೇಪ್ ರೆಕಾರ್ಡರ್ ಬಿಚ್ಚಿಕೊಂಡು ಕೂತಿರುತ್ತಿದ್ದರು. ದೊಡ್ಡಮ್ಮ ಕರೆದು ಕರೆದು ಸಾಕಾಗಿ ಗೋಡೆಯಾಚೆಯಿಂದ ನನಗೆ ಕೂಗುವರು. ಅವರು ಕೂರುತ್ತಿದ್ದುದು ನನ್ನ ಗೋಡೆಗೇ ಒರಗಿ, ಹಾಗಾಗಿ ನಾನು ಈಚೆಯಿಂದ ಗಟ್ಟಿಯಾಗಿ, “ದೊಡ್ಡಪ್ಪಾ, ಕರೀತಾವ್ರೆ!” ಎನ್ನಬೇಕು. ದಿನಾ ಇದೇ ಕೆಲಸ. ನಾನೇನು ಅವರ ಮನೆ ಗಂಟೆಯೇ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು.

ಆ ಟೇಪ್ ರೆಕಾರ್ಡರಿನ ಹುಚ್ಚು ಅವರಿಗೆ ಮೊದಲಿಂದಲೂ ಇತ್ತು. ಕಿವಿ ಕೇಳದ ಮನುಷ್ಯನಿಗೆ ಯಾವ ಟೇಪಿನಲ್ಲಿ ಸೌಂಡ್ ಚೆನ್ನ ಎಂಬ ಚಿಂತೆ. “ಊರ್ಗೆಲ್ಲ ಒಂದ್ ದಾರಿ ಆದ್ರೆ ಎಡವಟ್ನಿಗೇ ಒಂದ್ ದಾರಿ” ಎಂದು ದೊಡ್ಡಮ್ಮ ಅಣಕಿಸುತ್ತಿದ್ದರು.

ಆಮೇಲೆ ಆ ಹುಚ್ಚಿಗೆ ಒಂದು ಕಾರಣ ಬಂತು. ಬರಬಾರದಿತ್ತು.

ದೊಡ್ಡಮ್ಮನ ಗಂಟಲಲ್ಲಿ ಗಂಟು ಕಾಣಿಸಿತು. ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು ಡಾಕ್ಟರು. ದೊಡ್ಡಪ್ಪ ಅಳಲಿಲ್ಲ. ಬಸ್ಸಿಳಿದವರು ಮನೆಗೂ ಬರದೆ ರಾಬರ್ಟ್‌ಸನ್‌ಪೇಟೆ ಅಂಗಡಿ ಅಂಗಡಿ ಸುತ್ತಿ ಸಿಕ್ಕಿದ ಖಾಲಿ ಕ್ಯಾಸೆಟ್ಟುಗಳನ್ನೆಲ್ಲ ತಂದರು. ಊರಲ್ಲೇ ಸಿಗುವ ಸಾದಾ, ಹೊರದೇಶದ ಸಾದಾ, ಒಂದು ಕ್ರೋಮ್. ಎಲ್ಲಕ್ಕಿಂತ ಮೇಲಿನದು ಎಂದು ಯಾರೋ ಹೇಳಿದ ಮೆಟಲ್ ಟೇಪನ್ನು ಮದ್ರಾಸಿನಿಂದ ಬರುವ ಪರಿಚಯದವರ ಕೈಲಿ ತರಿಸಿದರು. ಜೋಗುಳ ಇದರಲ್ಲಿ ಉಳಿಯಬೇಕು, ಅದೂ ಅತ್ಯುತ್ತಮ ಟೇಪಿನಲ್ಲಿ ಉಳಿಯಬೇಕು. ಅವರಿಗೆ ಬೇಕಿದ್ದುದು ಅಷ್ಟೇ.

ಆದರೆ ಯಾವುದು ಉತ್ತಮ ಎಂದು ನೋಡಲು ದೊಡ್ಡಮ್ಮನಿಂದ ಮತ್ತೆ ಮತ್ತೆ ಹಾಡಿಸುವಂತಿರಲಿಲ್ಲ. ಗಂಟಲಿಗೆ ತ್ರಾಸ ಕೊಡಬೇಡಿ ಎಂದಿದ್ದರು ಡಾಕ್ಟರು. ಅದಕ್ಕೆ ದೊಡ್ಡಪ್ಪ ಒಂದು ಉಪಾಯ ಮಾಡಿದರು. ದೊಡ್ಡಮ್ಮ ಮೊರದಲ್ಲಿ ಅಕ್ಕಿ ಕೇರುವುದು, ಅದನ್ನು ಒಂದೊಂದು ಟೇಪಿನಲ್ಲೂ ತುಂಬಿಸುವುದು. ಅಕ್ಕಿಯ ಸದ್ದಿನಷ್ಟು ಸಣ್ಣ ಸದ್ದನ್ನು ಯಾವ ಟೇಪು ಹಿಡಿಯುತ್ತದೋ ಅದು ಎಲ್ಲವನ್ನೂ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ಅವರಿಗೆ ಆ ಸದ್ದು ಕೇಳಿಸದು. “ಕಣ್ಣು, ನೀನು ಕೇಳಿ ಯೋಳಮ್ಮ” ಎಂದು ನನ್ನನ್ನು ಕೂರಿಸಿದರು. ತಮಿಳಿನವರ ಬಾಯಲ್ಲಿ ‘ಕಣ್ಣು’ ಎಂದರೆ ಮುದ್ದಿನ ಕರೆ.

ಕೇಳಿದೆ. ಊರಿನ ಸಾದಾ ಟೇಪಿನಲ್ಲಿ ದೊಡ್ಡಮ್ಮ ಮೊರ ಕೆಳಗಿಟ್ಟ ಮೇಲೂ ಅಕ್ಕಿ ಕೇರುತ್ತಲೇ ಇತ್ತು. ಅಷ್ಟು ಸುಸ್ಸೆನ್ನುವ ಟೇಪು ಅದು. ಹೊರದೇಶದ್ದು ವಾಸಿ, ಆದರೆ ಅಕ್ಕಿ ತುಸು ಮೆತ್ತಗೆ, ನೆನೆಹಾಕಿದ ಹಾಗೆ. ಕ್ರೋಮಿನಲ್ಲಿ ಕಾಳು ಬಿಡಿ ಬಿಡಿಯಾಗಿ ಕೇಳಿತು. ಕೊನೆಗೆ ಮೆಟಲ್. ದೊಡ್ಡಪ್ಪನ ಸೆಟ್ಟಿನಲ್ಲಿ ಇದ್ದದ್ದು ಎರಡೇ ಗುಂಡಿ, ಸಾದಾದ್ದೊಂದು, ಕ್ರೋಮಿನದೊಂದು. ಮೆಟಲ್‌ಗೆ ಬೇರೆ ಗುಂಡಿ ಇಲ್ಲ. ಕ್ರೋಮಿನದನ್ನೇ ಒತ್ತಿದರು. ಅಬ್ಬಾ, ಆ ಅಕ್ಕಿ! ಕಿವಿಯ ಹತ್ತಿರವೇ ಗಾಜಿನ ಚೂರು ಸುರಿದಂತೆ ಫಳಫಳ. ಇದೇ, ಇದೇ ಎಂದೆ. ದೊಡ್ಡಪ್ಪನ ಮುಖ ಅರಳಿತು. ಇನ್ನೊಂದು ಸಲ ಎಂದು ಉದ್ದಕ್ಕೆ ತುಂಬಿಸುತ್ತ ಕೂತರು. ಅಷ್ಟರಲ್ಲಿ ಮಧ್ಯಾಹ್ನ ಮೀರಿ ದೊಡ್ಡಮ್ಮ ಬೈಯತೊಡಗಿದರು. ನಿಲ್ಲಿಸಲೇ ಎಂದು ಸನ್ನೆ ಮಾಡಿದೆ. “ಇರ್ಲಿ ಬುಡು. ಇದ್ರ ಮೇಲೆ ಜೋಗುಳ ಬಂದ್ರೆ ಇದೆಲ್ಲ ಅಳ್ಸೋಯ್ತದೆ” ಎಂದು ನಕ್ಕರು.

ಉಳಿದ ಟೇಪುಗಳನ್ನೆಲ್ಲ ಅಳಿಸಿ ಬೇರೇನೋ ತುಂಬಿಸಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಸಂಗು ಕೂಗಿ ನಿಂತ ಮೇಲೆ ದೊಡ್ಡಮ್ಮ ಜೋಗುಳ ಹಾಡಿದರು. ಮಡಿಲಲ್ಲಿ ನನ್ನ ಮಗಳಿದ್ದಳು, ಹಾಡಲು ಮಗು ಬೇಕು ಎಂದು ಅವರೇ ಎತ್ತಿಕೊಂಡಿದ್ದರು. ಒಂದೇ ಸಲ. ಹಾಡು ಮುಗಿದ ಮೇಲೂ ಅವರು ಮಗುವನ್ನು ತಟ್ಟುತ್ತಲೇ ಇದ್ದರು... ಟೇಪು ಕೊನೆಮುಟ್ಟುವವರೆಗೂ ನಾವ್ಯಾರೂ ಮಾತಾಡಲಿಲ್ಲ. ಅದನ್ನು ಸವೆಸಬಾರದೆಂದು ದೊಡ್ಡಪ್ಪ ಆವತ್ತು ಹಾಕಿಯೂ ನೋಡಲಿಲ್ಲ.

ಆಪರೇಷನ್ ಮುಗಿಸಿಕೊಂಡು ದೊಡ್ಡಮ್ಮ ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಬಂದರು. ಒಂದು ಸಂಜೆ ದೊಡ್ಡಪ್ಪ ನನ್ನನ್ನು ಕರೆದು, ಇಬ್ಬರ ಎದುರಿಗೂ ಆ ಕ್ಯಾಸೆಟ್ ಹಾಕಿದರು. ಹಾಡು ಬಂತು. ಆದರೆ ತೆಳ್ಳಗೆ, ಸೀಳು ಸೀಳಾಗಿ, ದೂರದ ಊರಿನ ಟೆಲಿಫೋನಿನಲ್ಲಿ ಬಂದ ಹಾಗೆ. ದೊಡ್ಡಮ್ಮನ ದನಿಯ ದಪ್ಪವೆಲ್ಲ ಸೋರಿಹೋಗಿತ್ತು. ದೊಡ್ಡಪ್ಪ ಸ್ಪೀಕರಿಗೆ ಕಿವಿ ಒತ್ತಿ ಕೂತಿದ್ದವರು ತಲೆಯೆತ್ತಿ, “ಯಾಕಮ್ಮ, ನಿಲ್ಸಿಬುಟ್ಯಾ?” ಎಂದರು.

ಹಾಡು ಓಡುತ್ತಲೇ ಇತ್ತು.

ಇಲ್ಲ ಎಂದು ನಾನು ತಲೆಯಾಡಿಸಿದೆ. ಅವರಿಗೆ ಅರ್ಥವಾಯಿತು. ದೊಡ್ಡಮ್ಮ ಎದ್ದು ಒಲೆಯ ಮುಂದೆ ಹೋಗಿ ಕೂತರು. ಅವರ ಬೆನ್ನು ಅಲುಗುವುದು ಕಾಣುತ್ತಿತ್ತು, ಸದ್ದು ಮಾತ್ರ ಇಲ್ಲ. ಜೀವನದಲ್ಲಿ ಅಂಥ ಸಂಜೆ ನಾನು ಇನ್ನೊಂದು ಕಂಡಿಲ್ಲ.

ರೇಡಿಯೋ ರಿಪೇರಿಯವನು ಆಮೇಲೆ ಬಿಡಿಸಿ ಹೇಳಿದ. ಮೆಟಲ್ ಟೇಪು ದೊಡ್ಡ ಸೆಟ್ಟುಗಳಿಗೆ ಮಾಡಿದ್ದಂತೆ, ಇಂಥ ಸೆಟ್ಟಿಗೆ ಅದರ ಮೇಲೆ ಸರಿಯಾಗಿ ಬರೆಯುವ ತಾಕತ್ತಿಲ್ಲವಂತೆ. ಸಣ್ಣ ಸದ್ದು ಮಾತ್ರ ಅತಿಯಾಗಿ ಮಿಂಚುತ್ತದೆ, ದನಿಯ ತಿರುಳು ಕೂರುವುದಿಲ್ಲ. “ಚಿನ್ನದ್ ಸೂಜಿ ಅಂತ ಕಣ್ಣು ಚುಚ್ಕೊಳಕಾಯ್ತದಾ?” ಎಂದ. ಅಕ್ಕಿಯಿಂದ ಪರೀಕ್ಷೆ ಮಾಡಿದೆವು, ಅಕ್ಕಿಗೆ ಒಪ್ಪುವ ಟೇಪೇ ಸಿಕ್ಕಿತ್ತು. ಊರಿನ ಸಾದಾ ಟೇಪಿನಲ್ಲಿ ಹಾಡಿಸಿದ್ದರೆ ಸುಸ್ಸೆನ್ನುತ್ತಿತ್ತು ನಿಜ, ಆದರೆ ಆ ಸುಸ್ಸು ದೊಡ್ಡಪ್ಪನಿಗೆ ಹೇಗೂ ಕೇಳಿಸುತ್ತಿರಲಿಲ್ಲ, ಹಾಡು ಕೇಳಿಸುತ್ತಿತ್ತು.

ಆಮೇಲೆ ದೊಡ್ಡಮ್ಮ ಊಟಕ್ಕೆ ಕರೆಯಲು ಅಂಗಳಕ್ಕೇ ಬಂದು ಅವರ ಹೆಗಲ ಟವಲ್ಲು ಎಳೆಯುತ್ತಿದ್ದರು. ಅವರು ತಕ್ಷಣ ಏಳುತ್ತಿದ್ದರು. ಮೊದಲು ಹಾಗೆ ಏಳುತ್ತಿರಲಿಲ್ಲ... ನನಗೆ ಕೂಗುವ ಕೆಲಸ ತಪ್ಪಿತು. ಮಧ್ಯಾಹ್ನವಾದರೆ ತಟ್ಟಿಗೋಡೆಯ ಆಚೆ ಬರೀ ಪಾತ್ರೆಯ ಸದ್ದು. ನಾನು ಬೇಸರಪಟ್ಟುಕೊಂಡಿದ್ದ ಆ ಕೆಲಸಕ್ಕಾಗಿ ಕಾದು ಕೂರುತ್ತಿದ್ದೆ ಎಂದರೆ ನಂಬುತ್ತೀರಾ?

ದೊಡ್ಡಮ್ಮ ಕೆಲವು ವರ್ಷ ಹಾಗೇ ಬದುಕಿ ಹೋದರು. ಗಣಿ ಮುಚ್ಚಿದ ಮೇಲೆ ದೊಡ್ಡಪ್ಪ ತಂಗಿಯ ಊರಿಗೆ ಹೊರಟರು. ಅಷ್ಟರಲ್ಲಿ ಅವರ ಕಿವಿ ಪೂರ್ತಿ ಹೋಗಿತ್ತು. ಹೋಗುವ ದಿನ ಹೆಗಲ ಟವಲ್ಲು ಹರಿದು ಅದರಲ್ಲಿ ಕ್ಯಾಸೆಟ್ ಸುತ್ತಿ ನನ್ನ ಕೈಗಿಟ್ಟು, “ಕೇಳೋ ಕಿವಿ ಇರೋರತ್ರ ಇರ್ಲಿ ಕಣ್ಣು” ಎಂದರು. ಅವರೂ ಹೋದರೆಂದು ಆಮೇಲೆ ಯಾರೋ ಹೇಳಿದರು.

ನಾನು ಅದನ್ನು ಒಮ್ಮೆಯೂ ಹಾಕಿರಲಿಲ್ಲ. ಆ ಸಂಜೆಯನ್ನು ಇನ್ನೊಮ್ಮೆ ಕೇಳುವ ಧೈರ್ಯ ಯಾರಿಗಿದೆ? ಆದರೆ ತಮ್ಮ ಬಂದು ಹೋದ ಮಾರನೆಯ ಬೆಳಿಗ್ಗೆ ನಮ್ಮ ಹಳೇ ಸೆಟ್ಟನ್ನು ರಾಬರ್ಟ್‌ಸನ್‌ಪೇಟೆಗೆ ಒಯ್ದು ಬೆಲ್ಟ್ ಹಾಕಿಸಿಕೊಂಡು ಬಂದೆ. ಅಡುಗೆ ಮುಗಿಸಿ ಕ್ಯಾಸೆಟ್ ಹಾಕಿದೆ. ಅದೇ ತೆಳ್ಳನೆಯ ಹಾಡು. ಮುಗಿಯಿತು. ಅಲ್ಲಿಂದ ಮುಂದಕ್ಕೆ ನಾವೆಂದೂ ಕೇಳಿರಲಿಲ್ಲ. ನಿಲ್ಲಿಸಲು ಕೈ ಚಾಚಿದವಳು ಯಾಕೋ ಸುಮ್ಮನಾದೆ.

ಬರೀ ಸುಯ್ ಎನ್ನುವ ಮೌನ. ಅದರ ಅಡಿಯಲ್ಲಿ ಏನೋ ಇತ್ತು. ವಾಲ್ಯೂಮ್ ಪೂರ್ತಿ ತಿರುಗಿಸಿದೆ. ದೊಡ್ಡಪ್ಪನ ಸೆಟ್ಟಿಗೆ ಮೆಟಲ್ ಟೇಪಿನ ಮೇಲೆ ಬರೆಯಲು ಬಾರದ ಹಾಗೆಯೇ ಅಳಿಸಲೂ ಬರುತ್ತಿರಲಿಲ್ಲ! ಹಿಂದಿನ ದಿನದ ಮೊರದ ತಟ್ಟು, ಮಂದವಾಗಿ. ಆಮೇಲೆ ದೊಡ್ಡಮ್ಮನ ದನಿ. ಹಾಡಿನಲ್ಲಿ ಸೋರಿಹೋಗಿದ್ದ ಅದೇ ದಪ್ಪ ದನಿ, ತಟ್ಟಿಗೋಡೆಯ ಆಚೆಯಿಂದ ನಾನು ದಿನಾ ಕೇಳುತ್ತಿದ್ದ ಹಾಗೆ.

“ಮುದ್ದೆ ಆರೋಯ್ತದೆ, ಬನ್ನಿ ಅಂದ್ರೆ! ನೀನಾದ್ರೂ ಯೋಳಮ್ಮ ಅವ್ರಿಗೆ...”

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಗೋಡೆಯ ಕಡೆ ತಿರುಗಿ, “ದೊಡ್ಡಪ್ಪಾ, ಕರೀತಾವ್ರೆ!” ಎಂದು ಗಟ್ಟಿಯಾಗಿ ಕೂಗಿದೆ.

ಬಂಗಾರಪೇಟೆಯ ಇಟ್ಟಿಗೆ ಗೋಡೆ, ಅದರಾಚೆ ಬಟ್ಟೆ ಒಣಹಾಕುವ ಖಾಲಿ ಜಾಗ. ಅಳು ಉಕ್ಕಿ ಬಂತು, ಅತ್ತುಬಿಟ್ಟೆ. ಕ್ಯಾಸೆಟ್ಟು ಒಯ್ಯಲು ಬಂದಿದ್ದ ತಮ್ಮ ಬಾಗಿಲಲ್ಲಿ ಗಾಬರಿಯಾಗಿ ನಿಂತಿದ್ದ.

“ಯಾರ್ನಕ್ಕಾ ಕೂಗ್ತಿದ್ದೀಯ?”

“ಊಟಕ್ಕೆ ಕಣೋ” ಎಂದೆ. “ಬರಲಿಲ್ಲ.”