ಪೂಜೆಗೆ ಕೂತ ಕಂಪ್ಯೂಟರು, ತಡವಾಗಿ ಬಂದ ಗುಮಟೆ

ಮೊಮ್ಮಗಳ ಸಂಗೀತದ ವಿಷಯ ಯಾರಾದರೂ ಕೇಳಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ಕೇಳದಿದ್ದರೂ ನಿಲ್ಲುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಳದೀಪುರದ ಬಸ್ ಸ್ಟಾಪಿನಲ್ಲಿ ಕೂತವರಿಗೆಲ್ಲ ಹೇಳಿದ್ದೇನೆ, ಮೀನು ತರುವವಳಿಗೆ ಹೇಳಿದ್ದೇನೆ, ಕಾಯಿ ಕೊಯ್ಯಲು ಬಂದವನು ಮರದ ತುದಿಯಲ್ಲಿದ್ದಾಗ ಕೆಳಗೆ ನಿಂತು ಕೂಗಿ ಹೇಳಿದ್ದೇನೆ. ಉಳಿದವರಿಗೆ ಹೇಳಬೇಕೆಂದರೆ ಬರೆಯುವುದೊಂದೇ ದಾರಿ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಲು ಬರುತ್ತದೆ. ಈ ಸಂತೋಷಕ್ಕೆ ಅಷ್ಟು ಸಾಕು.

ಮೊಮ್ಮಗಳು ಎಂದರೆ ಮಗಳ ಮಗಳು. ಮಗಳು, ಅಳಿಯ, ಅವಳು, ನಾವಿಬ್ಬರು, ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಹುಡುಗಿ ಹೊನ್ನಾವರದ ಕಾಲೇಜಿಗೆ ಹೋಗುತ್ತಾಳೆ. ಅವಳ ಮೇಜಿನ ಮೇಲೆ ಮಡಚುವ ಕಂಪ್ಯೂಟರ್ ಒಂದಿದೆ. ಅದರ ಪಕ್ಕ, ವಯರ್ ಹಚ್ಚಿ ಕೂರಿಸಿದ ಒಂದು ಸಣ್ಣ ತಗಡಿನ ಪೆಟ್ಟಿಗೆ. ಮೈಕಿಗೆ ಹಾಡಿದ್ದು, ಬಾರಿಸಿದ್ದು ಎಲ್ಲ ಮೊದಲು ಈ ಪೆಟ್ಟಿಗೆಗೆ ಹೋಗಬೇಕು, ಪೆಟ್ಟಿಗೆಯಿಂದ ಕಂಪ್ಯೂಟರಿಗೆ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೂ ಸದ್ದು ಈ ಪೆಟ್ಟಿಗೆಯಿಂದಲೇ ಬರುತ್ತದೆ. ಹಾಡು ರೆಕಾರ್ಡ್ ಮಾಡುವ ಭಟ್ಕಳದ ಸಾಹೇಬರೊಬ್ಬರು ತಾವು ಬಳಸಿ ಬಿಟ್ಟದ್ದನ್ನು ಅವಳಿಗೆ ಕೊಟ್ಟಿದ್ದರು.

ಈ ಸಲ ದಸರೆಯ ಹೊತ್ತಿಗೆ ಅವಳಿಗೆ ಮೊದಲ ಕೆಲಸ ಸಿಕ್ಕಿತ್ತು. ಹೊನ್ನಾವರದ ಹೆಂಗಸರು ಸೇರಿ ಒಂದು ನಾಟಕ ಮಾಡುವವರಿದ್ದರು. ಮೊದಲಿನ ಕಾಲದಲ್ಲಿ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ ಉಪ್ಪು, ಒಣಮೀನು ಮಾರಿ ಬರುತ್ತಿದ್ದ ಹೆಂಗಸರ ಕಥೆ. ಆಡಿಸುವವರು ನಿವೃತ್ತಿಯಾದ ಅಕ್ಕೋರು, ಶಾಲೆಯಲ್ಲಿ ಕಲಿಸಿದವರು. ನಾಟಕಕ್ಕೆ ಸಂಗೀತ ಮಾಡಿಕೊಡು ಎಂದು ಅವರು ನನ್ನ ಮೊಮ್ಮಗಳಿಗೆ ಹೇಳಿದ್ದರು. ಎಲ್ಲ ಆಗಿ ದೋಣಿಯ ಸೀನು ಒಂದು ಬಾಕಿ ಇತ್ತು. ಅದಕ್ಕೆ ಬೇಕಾದದ್ದು ಗುಮಟೆ, ಬಾರಿಸುವವನು ನಾನು. ಗುಮಟೆ ಎಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿಯನ್ನು ಎಡಗೈಯಲ್ಲಿ ಮುಚ್ಚಿ ತೆರೆದು ಮಾಡಿದರೆ ನಾದ ಉಬ್ಬಿ ಇಳಿಯುತ್ತದೆ. ಶನಿವಾರದ ತಾಲೀಮಿಗೆ ಸಂಗೀತ ಪೂರ್ತಿ ಕೈಗೆ ಬರಬೇಕು, ಬಾರದಿದ್ದರೆ ಮೊಬೈಲಿನಲ್ಲಿ ಸಿಕ್ಕಿದ್ದು ಏನೋ ಹಾಕಿ ಆಡಿಬಿಡುತ್ತೇವೆ ಎಂದು ಅಕ್ಕೋರು ಮೊದಲೇ ಹೇಳಿದ್ದರು. ಆಯುಧ ಪೂಜೆ ಮುಗಿದ ಕೂಡಲೇ ಬಾರಿಸುವುದು ಎಂದು ನಾವಿಬ್ಬರು ಮಾತಾಡಿಕೊಂಡಿದ್ದೆವು.

ಪೂಜೆಗೆ ಅಳಿಯನ ಟೆಂಪೋದ ಸ್ಪ್ಯಾನರುಗಳು, ನನ್ನ ಕತ್ತಿ, ಗುಮಟೆ, ಮೊಮ್ಮಗಳ ಪೆಟ್ಟಿಗೆ, ಕಂಪ್ಯೂಟರು, ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಇಟ್ಟೆವು. ಹುಡುಗಿ ಕಂಪ್ಯೂಟರನ್ನು ಮಡಚಿ ಇಟ್ಟಿದ್ದಳು. ನನ್ನ ಹೆಂಡತಿಗೆ ಅದು ಸರಿ ಕಾಣಲಿಲ್ಲ. ಮುಖ ಮುಚ್ಚಿಕೊಂಡವರಿಗೆ ಯಾರಾದರೂ ಆರತಿ ಎತ್ತುತ್ತಾರೆಯೇ ಎಂದು ಕೇಳಿ ತೆರೆಸಿದಳು. ತೆರೆದ ಮೇಲೆ ಬೆಳಕೂ ಇರಬೇಕು ಎಂದಳು. ಹಾಗಾಗಿ ಚಾರ್ಜರ್ ಹಚ್ಚಿ ಆನ್ ಮಾಡಿ ಇಟ್ಟದ್ದಾಯಿತು. ಪರದೆಗೆ ಗಂಧ, ಮೇಲೆ ಒಂದು ದಾಸವಾಳ. ನೋಡಲು ಚಂದವೇ ಇತ್ತು.

ಮಂಗಳಾರತಿಯ ಹೊತ್ತಿಗೆ ಪರದೆಯ ಮೇಲೆ ಒಂದು ಬರಹ ಬಂತು. ಮೊಮ್ಮಗಳು ದೂರದಿಂದಲೇ ಓದಿದಳು. ಕಂಪ್ಯೂಟರಿನ ಒಳಗಿನ ಸಿಸ್ಟಮ್ ಹೊಸದು ಬಂದಿದೆ, ಈಗ ಹಾಕಲೋ ಆಮೇಲೆ ಹಾಕಲೋ ಎಂದು ಕೇಳುತ್ತಿದೆಯಂತೆ. ಏನೂ ಹೇಳದಿದ್ದರೆ ತಾನೇ ಹಾಕಿಕೊಳ್ಳುತ್ತದಂತೆ. ಅವಳು ಕೈ ಚಾಚಿದಳು. ಅಜ್ಜಿ ಆ ಕೈ ಹಿಡಿದಳು.

"ಪೂಜೆಗಿಟ್ಟದ್ದು ಮುಟ್ಟೂಕಾಗ. ನಾಳೆ ತೆಗೀಲಕ್ಕು."

"ಅಜ್ಜೀ, ಒಂದೇ ಒಂದು ಸಲ ಒತ್ತೂದು."

"ನಿನ್ನ ಅಜ್ಜ ಕತ್ತಿ ಮುಟ್ಟಿದ್ರಾ? ನಿನ್ನ ಅಪ್ಪ ಟೆಂಪೋ ತೆಗೆದ್ನಾ? ಇದೊಂದಕ್ಕೆ ಎಂತ ಬೇರೆ ಶಾಸ್ತ್ರ?"

ನಾನೂ ಹೆಂಡತಿಯ ಕಡೆಗೇ ಮಾತಾಡಿದೆ. ನಮ್ಮಲ್ಲಿ ವಿಜಯದಶಮಿಯ ಬೆಳಿಗ್ಗೆ ಇನ್ನೊಂದು ಪೂಜೆ ಆಗುವವರೆಗೆ ಇಟ್ಟ ಆಯುಧ ಅಲುಗಾಡಿಸುವುದಿಲ್ಲ. ಹುಡುಗಿ ಕೈ ಕಟ್ಟಿ ನಿಂತಳು. ಕಂಪ್ಯೂಟರು ಯಾರ ಅಪ್ಪಣೆಗೂ ಕಾಯದೆ ಕಪ್ಪಾಯಿತು, ಮತ್ತೆ ಬೆಳಗಿತು, ನಡುವೆ ಒಂದು ಚಕ್ರ ತಿರುಗತೊಡಗಿತು. ಪೂಜೆ ಮುಟ್ಟಿತು ಎಂದು ನನ್ನ ಹೆಂಡತಿ ಕೈ ಮುಗಿದಳು. ನಾನೂ ಮುಗಿದೆ. ಹುಡುಗಿ ಒಬ್ಬಳೇ ಮುಗಿಯಲಿಲ್ಲ.

ಮರುದಿನ ಪೂಜೆ ಮುಗಿಸಿ, ಹೂ ತೆಗೆದು ಎಲ್ಲ ಜೋಡಿಸಿದರೆ ಕಂಪ್ಯೂಟರು ಹೊಸ ಮುಖ ಹೊತ್ತು ನಗುತ್ತಿತ್ತು, ಪೆಟ್ಟಿಗೆಯ ದೀಪ ಮಾತ್ರ ಹೊತ್ತಲಿಲ್ಲ. ವಯರ್ ತೆಗೆದು ಹಾಕಿದಳು, ಬೇರೆ ತೂತಿಗೆ ಹಾಕಿದಳು, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಪೆಟ್ಟಿಗೆ ಯಾರೆಂದೇ ತನಗೆ ಗೊತ್ತಿಲ್ಲ ಎನ್ನುವ ಹಾಗೆ ಇತ್ತು ಕಂಪ್ಯೂಟರು. ಅಳಿಯ ಬಗ್ಗಿ ನೋಡಿ, ಪೆಟ್ಟಿಗೆಯ ತೂತಿನಲ್ಲಿ ಅಕ್ಷತೆ ಕಾಳೊಂದು ಸಿಕ್ಕಿಕೊಂಡಿದೆ ಎಂದ. ಹೌದು, ಇತ್ತು. ನನ್ನ ಹೆಂಡತಿಯ ತಲೆಯ ಪಿನ್ನಿನಿಂದ ಹುಷಾರಾಗಿ ಅದನ್ನು ತೆಗೆದೆವು. ಸಿಕ್ಕಿತು ಎಂದು ಎಲ್ಲರಿಗೂ ಖುಷಿ. ಜೋಡಿಸಿದರೆ ದೀಪ ಹೊತ್ತಲಿಲ್ಲ. ಅಕ್ಷತೆಯದು ಏನೂ ತಪ್ಪಿರಲಿಲ್ಲ.

ನಾನೂ ಮೊಮ್ಮಗಳೂ ಪೆಟ್ಟಿಗೆ ಕಂಪ್ಯೂಟರು ಚೀಲಕ್ಕೆ ಹಾಕಿಕೊಂಡು ಕುಮಟೆಯ ಬಸ್ಸು ಹತ್ತಿದೆವು. ಅಲ್ಲಿ ಕಂಪ್ಯೂಟರು ರಿಪೇರಿ ಮಾಡುವವರೊಬ್ಬರ ಅಂಗಡಿಯಿದೆ. ಅವರು ನೋಡಿ, ಪೆಟ್ಟಿಗೆ ಹಾಳಾಗಿಲ್ಲ, ಹೊಸ ಸಿಸ್ಟಮ್ ಬಂದಾಗ ಅದರ ಡ್ರೈವರ್ ಹೋಗಿದೆ ಎಂದರು. ಡ್ರೈವರ್ ಎಂದರೆ ಪೆಟ್ಟಿಗೆಯನ್ನು ನಡೆಸಲು ಕಂಪ್ಯೂಟರಿನ ಒಳಗೆ ಇರಬೇಕಾದ ಒಂದು ಸಣ್ಣ ಪ್ರೋಗ್ರಾಮಂತೆ. ಎಲ್ಲಾ ಪೆಟ್ಟಿಗೆಗೂ ಆಗುವಂಥದ್ದು ಒಂದನ್ನು ಅವರು ಹಾಕಿಕೊಟ್ಟರು. ದೀಪ ಹೊತ್ತಿತು. ಅಂಗಡಿಯಲ್ಲೇ ಒಂದು ಹಾಡು ಹಚ್ಚಿ ಕೇಳಿದೆವು, ಸ್ಪಷ್ಟವಾಗಿ ಬಂತು. ಆ ಸಂತೋಷಕ್ಕೆ ಹೋಟೆಲಿಗೆ ಹೋಗಿ ಬನ್ಸ್ ತಿಂದು ಚಾ ಕುಡಿದು, ಅಜ್ಜಿಗೂ ಬನ್ಸ್ ಕಟ್ಟಿಸಿಕೊಂಡು ಬಂದೆವು.

ಮನೆಗೆ ಬಂದು ಕಾಲು ತೊಳೆದವನೇ ಗುಮಟೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಮೊಮ್ಮಗಳು ಮೈಕು ಮುಂದೆ ಇಟ್ಟು ನನ್ನ ಕಿವಿಗೆ ಹೆಡ್‌ಫೋನು ಹಾಕಿದಳು. ಬಾರಿಸಿದೆ. ಬಾರಿಸಿ ಕೈ ಎತ್ತಿದ ಮೇಲೆ ಕಿವಿಯಲ್ಲಿ ಗುಮಟೆ ಬಂತು. ನಾನು ಹೆದರಿ ಹಿಂದೆ ನೋಡಿದೆ, ಇನ್ನೊಬ್ಬ ಯಾರೋ ಬಾರಿಸುತ್ತಿದ್ದಾನೆ ಎಂದುಕೊಂಡು. ಮತ್ತೆ ಬಾರಿಸಿದೆ. ಕೈ ಹಳದೀಪುರದಲ್ಲಿ, ಸದ್ದು ಇನ್ನೂ ಕುಮಟೆಯಿಂದ ಬಸ್ಸಿನಲ್ಲಿ ಬರುತ್ತಿತ್ತು. ಅದು ಬರಲಿ ಎಂದು ನಾನು ಕಾದೆ. ನಾನು ಕಾದಷ್ಟೂ ಅದೂ ಕಾಯಿತು. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತಾ, ದೋಣಿಯ ಬಡಿತ ಹೊಟ್ಟೆ ತುಂಬ ಉಂಡವನ ನಡಿಗೆಯಾಯಿತು. ಒಳಗಿನಿಂದ ನನ್ನ ಹೆಂಡತಿ, "ಬಾರಿಸ್ತಾ ಬಾರಿಸ್ತಾ ನಿದ್ದೆ ಬಂತಾ ಎಂತ?" ಎಂದು ಕೇಳಿದಳು.

ನನಗೆ ನಗು ತಡೆಯಲಿಲ್ಲ. ಮೊಮ್ಮಗಳು ನಗಲಿಲ್ಲ. ಹೆಡ್‌ಫೋನು ತೆಗೆದಿಟ್ಟು ಬಾರಿಸುತ್ತೇನೆ ಎಂದೆ. ಹಾಗಾದರೆ ಅವಳು ಮೊದಲೇ ಮಾಡಿಟ್ಟ ಹಾಡು ನನಗೆ ಕೇಳಿಸುವುದಿಲ್ಲ, ಹಾಡು ಒಂದು ಕಡೆ ಗುಮಟೆ ಒಂದು ಕಡೆ ಆಗುತ್ತದೆ. ಮೊಬೈಲಿನಲ್ಲಿ ಹಿಡಿದು ನೋಡಿದೆವು, ಮಡಕೆಯ ನಾದ ಡಬ್ಬಿ ಬಡಿದ ಹಾಗೆ ಬಂತು. ಅವಳು ಗೋಡೆಗೆ ಒರಗಿ ಕೂತಳು.

"ಬಿಡು ಅಜ್ಜ. ಅಕ್ಕೋರು ಮೊಬೈಲಿಂದೇ ಎಂತಾದ್ರೂ ಹಾಕ್ಕಳ್ಲಿ. ನನ್ ಹಣೇಲಿ ಇಲ್ಲೆ ಅಂತ ಹೇಳ್ತೆ."

ಆ ಮಾತು ನನ್ನ ಎದೆಗೆ ತಾಗಿತು. ಎಷ್ಟು ತಿಂಗಳಿಂದ ಆ ಹುಡುಗಿ ಊಟದ ತಟ್ಟೆಯ ಮೇಲೂ ಬೆರಳಲ್ಲಿ ತಾಳ ಹಾಕುತ್ತಿದ್ದಳು. ಪೆಟ್ಟಿಗೆ ಕೊಟ್ಟವರನ್ನೇ ಕೇಳುವಾ, ಅವರಿಗಿಂತ ಅದರ ಗುಣ ಬಲ್ಲವರು ಯಾರು ಎಂದು ನಾನು ಹೇಳಿದೆ. ಭಟ್ಕಳಕ್ಕೆ ಫೋನು ಹಚ್ಚಿದಳು. ಸಾಹೇಬರು, ಬನ್ನಿ, ನೋಡುವಾ ಎಂದರು.

ಮರುದಿನ ಬೆಳಿಗ್ಗೆ ಹೊರಟೆವು. ನಾನು ಗುಮಟೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರು, ಅಜ್ಜ, ಮಗು ಇಷ್ಟು ಸುಮ್ಮನೆ ಇದೆಯಲ್ಲ ಎಂದು ಬಗ್ಗಿ ನೋಡಿದ. ಬಡಿದರೆ ಕೂಗುತ್ತದೆ ಎಂದೆ.

ಸಾಹೇಬರ ಮನೆಯಲ್ಲಿ ಮೊದಲು ಚಾ, ಆಮೇಲೆ ಕೆಲಸ. ಅವರು ಕನ್ನಡಕ ಏರಿಸಿ ಪರದೆ ನೋಡಿದರು. ನಾನು ಗುಮಟೆ ತಡವಾಗಿ ಬರುವ ಕಥೆಯನ್ನು ಕೈ ಬಾಯಿ ಎರಡರಲ್ಲೂ ಹೇಳಿದೆ. ಅವರು ನಗುತ್ತಾ ಕೇಳಿದರು.

"ಅಜ್ಜಾ, ನಿಮ್ಗೆ ನಮ್ಮ ಮನೆಮಾತು ನವಾಯತಿ ಬರ್ತದಾ?"

"ಇಲ್ಲ."

"ನಮ್ಮ ಅಮ್ಮಂಗೆ ಕನ್ನಡ ಬರ್ತಿರ್ಲಿಲ್ಲ. ಮಲ್ಲಿಗೆ ಮಾರೋಳು ಬಂದ್ರೆ ನಡುವೆ ನಾನು ನಿಲ್ಬೇಕಿತ್ತು, ಇವಳು ಹೇಳಿದ್ದು ಅವಳಿಗೆ, ಅವಳು ಹೇಳಿದ್ದು ಇವಳಿಗೆ. ಡ್ರೈವರ್ ಅಂದ್ರೆ ಹಾಗೇ ನಡುವೆ ನಿಲ್ಲೋದು. ಕುಮಟೆಯಲ್ಲಿ ಹಾಕಿದ್ದು ತಪ್ಪಲ್ಲ, ಆದ್ರೆ ಈ ಮನೆಯವನಲ್ಲ. ಎರಡೂ ಭಾಷೆ ಅರ್ಧರ್ಧ. ಯೋಚ್ನೆ ಮಾಡಿ ಮಾಡಿ ಹೇಳ್ತಾನೆ, ತಡ ಆಗ್ತದೆ."

"ಹಂಗಾರೆ ನಮ್ಮ ಹಳೆಯವ ಎಲ್ಲಿಗೆ ಹೋದ?"

"ಮನೆ ಹೊಸದು ಮಾಡುವಾಗ ಅವನ್ನ ಹೊರಗೆ ಹಾಕಿದ್ರು. ಮತ್ತೆ ಕರ್ಕೊಂಡು ಬರುವಾ."

ನನಗೆ ಅಷ್ಟು ಹೊತ್ತಿಗೆ ಎಲ್ಲ ತಿಳಿಯಿತು. ಎರಡು ಭಾಷೆಯ ನಡುವೆ ನಿಂತವರನ್ನು ಈ ಕರಾವಳಿಯ ಪೇಟೆಗಳಲ್ಲಿ ದಿನಾ ನೋಡುತ್ತೇನೆ. ಸಾಹೇಬರು ಹೇಳಿಕೊಟ್ಟ ಹಾಗೆ ಮೊಮ್ಮಗಳು ಮೊದಲು ಕುಮಟೆಯಲ್ಲಿ ಹಾಕಿದ್ದನ್ನು ತೆಗೆದಳು. ಹಳೆಯದರ ಮುರುಕು ಒಳಗೆ ಉಳಿದಿತ್ತು, ಅದನ್ನೂ ತೆಗೆದಳು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಪೆಟ್ಟಿಗೆ ಮಾಡಿದ ಕಂಪನಿಯ ಜಾಗಕ್ಕೆ ಇಂಟರ್ನೆಟ್ಟಿನಲ್ಲಿ ಹೋಗಿ ಈ ಪೆಟ್ಟಿಗೆಯದ್ದೇ ಡ್ರೈವರ್ ಹುಡುಕಿದರೆ, ಹೊಸ ಸಿಸ್ಟಮಿಗೆ ಎಂದು ಅಲ್ಲಿ ಏನೂ ಬರೆದಿರಲಿಲ್ಲ. ಹುಡುಗಿಯ ಮುಖ ಸಣ್ಣದಾಯಿತು. ಇದರ ಹಿಂದಿನ ಸಿಸ್ಟಮಿಗೆ ಎಂದು ಕೊನೆಯಲ್ಲಿ ಬರೆದದ್ದನ್ನು ಹಾಕು, ಇದಕ್ಕೂ ಆಗುತ್ತದೆ, ನನ್ನ ಹತ್ತಿರ ಇಂಥದ್ದೇ ಇನ್ನೊಂದಿದೆ, ಅದಕ್ಕೆ ಆಗಿದೆ ಎಂದರು ಸಾಹೇಬರು. ಹಾಕಿದಳು. ನಡುವೆ ಕಂಪ್ಯೂಟರು, ಇವನನ್ನು ಒಳಗೆ ಬಿಡಲೇ ಎಂದು ಕೇಳಿತಂತೆ. ಬಿಡು ಎಂದು ಒತ್ತಿದಳು. ಪೆಟ್ಟಿಗೆಯ ದೀಪ ಹೊತ್ತಿತು.

ಆದರೆ ಮೈಕಿಗೆ ಎಷ್ಟು ಬಡಿದರೂ ಸದ್ದಿಲ್ಲ. ಸಾಹೇಬರು ಕೊಂಚವೂ ಗಾಬರಿಯಾಗಲಿಲ್ಲ. ಸಿಸ್ಟಮ್ ಹೊಸದಾದಾಗ ಮೈಕಿನ ಪರವಾನಗಿ ಬಂದ್ ಆಗಿರುತ್ತದೆ ಎಂದು ಸೆಟ್ಟಿಂಗಿನ ಒಂದು ಮೂಲೆ ತೋರಿಸಿದರು. ಮೊಮ್ಮಗಳು ಅದನ್ನು ತೆರೆದಳು. ಪರದೆಯ ಮೇಲೆ ಹಸಿರು ಗೆರೆಯೊಂದು ನಾನು ಉಸಿರು ಬಿಟ್ಟದ್ದಕ್ಕೂ ಕುಣಿಯಿತು.

ಗುಮಟೆ ಬಿಚ್ಚಿ ಕೂತೆ. ಬಾರಿಸಬೇಕು ಎನ್ನುವಾಗ ಹತ್ತಿರದ ಮಸೀದಿಯಿಂದ ಬಾಂಗ್ ಶುರುವಾಯಿತು. ಅದು ಮೈಕಿನಲ್ಲಿ ಸೇರುತ್ತದೆ, ಮುಗಿಯಲಿ ಎಂದು ಸಾಹೇಬರು ಕೈ ಮಾಡಿದರು. ಆಮೇಲೆ ಅವರು ನಮಾಜಿಗೆ ಎದ್ದು ಹೋದರು. ಹೋಗುವಾಗ ಬಾಗಿಲು ಮುಚ್ಚಿ, ಯಾರೂ ಒಳಗೆ ಬಾರದ ಹಾಗೆ ಮನೆಯವರಿಗೆ ಹೇಳಿ ಹೋದರು.

ಮೊಮ್ಮಗಳು ಬೆರಳೆತ್ತಿದಳು. ಬಾರಿಸಿದೆ. ಕೈ ಬಿದ್ದಲ್ಲೇ ಸದ್ದು. ನನ್ನ ಎಡಗೈ ಮಡಕೆಯ ಸಣ್ಣ ಬಾಯಿ ಮುಚ್ಚಿದರೆ ಕಿವಿಯಲ್ಲೂ ಆಗಲೇ ಮುಚ್ಚಿಕೊಂಡಿತು, ಬಿಟ್ಟರೆ ಆಗಲೇ ಉಬ್ಬಿತು. ಅವಳ ಹಾಡು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹರಿಯುತ್ತಿತ್ತು, ಅದರ ಮೇಲೆ ನನ್ನ ದೋಣಿ. ನನ್ನ ಮೈಯೆಲ್ಲ ಹಗುರಾಯಿತು. ನಿಲ್ಲಿಸು ಎಂದು ಅವಳು ಕೈ ಮಾಡಿದ್ದು ನೋಡಿಯೂ ನಾನು ಇನ್ನೊಂದು ಸುತ್ತು ಬಾರಿಸಿದೆ. ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಹೆಚ್ಚಾದ ಆ ಸುತ್ತನ್ನು ಅವಳು ಕತ್ತರಿಸಲಿಲ್ಲ, ನಾಟಕದಲ್ಲಿ ಹಾಗೇ ಇಟ್ಟಳು.

ಶನಿವಾರ ತಾಲೀಮು ಆಯಿತು. ಅಕ್ಕೋರು ಕೇಳಿ, ಇನ್ನೊಮ್ಮೆ ಹಾಕು ಎಂದರಂತೆ. ಭಾನುವಾರ ನಾಟಕ ನೋಡಲು ನಾವೆಲ್ಲ ಅಳಿಯನ ಟೆಂಪೋದಲ್ಲಿ ಹೊನ್ನಾವರಕ್ಕೆ ಹೋದೆವು. ಸಾಹೇಬರೂ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಮೊಮ್ಮಗಳು ರಂಗದ ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು, ಪರದೆಯ ಬೆಳಕು ಅವಳ ಮುಖದ ಮೇಲೆ.

ದೋಣಿಯ ಸೀನು ಬಂತು. ದೋಣಿಯೇನೂ ಇರಲಿಲ್ಲ, ಹೆಂಗಸರು ಸಾಲಾಗಿ ಕೂತು ಬರಿಗೈಯಲ್ಲಿ ಹುಟ್ಟು ಹಾಕುವುದು. ಗುಮಟೆ ಎದ್ದಿತು. ಅಷ್ಟು ಕೈಗಳು ಒಟ್ಟಿಗೆ ಮುಂದೆ ಹೋದವು, ಒಟ್ಟಿಗೆ ಹಿಂದೆ ಬಂದವು. ನೀರು ಕಂಡಿತು ಎಂದರೆ ನೀವು ನಂಬಬೇಕು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆಯಲ್ಲಿ ತಾಳ ಹಾಕಿದರು, ನೋಡುತ್ತಿದ್ದ ಹಾಗೆ ಇಡೀ ಸಭೆಯೇ ಹಾಕಿತು. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

ಸೀನು ಮುಗಿದರೂ ಜನ ಬಿಡಲಿಲ್ಲ. ಇನ್ನೊಮ್ಮೆ ಎಂದು ಕೂಗು ಎದ್ದಿತು. ನಾಟಕ ಮುಂದೆ ಹೋಗಬೇಕಲ್ಲ, ಅಕ್ಕೋರು ರಂಗಕ್ಕೆ ಬಂದು ಕೈ ಮುಗಿದು ನೋಡಿದರು, ಕೂಗು ನಿಲ್ಲಲಿಲ್ಲ. ಕೊನೆಗೆ ಅವರು ನನ್ನ ಮೊಮ್ಮಗಳ ಕಡೆ ತಿರುಗಿ ತಲೆ ಆಡಿಸಿದರು. ಅವಳು ಒತ್ತಿದಳು. ಆಗಲೇ ಗೇರುಸೊಪ್ಪೆ ಮುಟ್ಟಿ ಉಪ್ಪಿನ ಬುಟ್ಟಿ ತಲೆಗೆ ಏರಿಸಿಕೊಂಡಿದ್ದ ಹೆಂಗಸರು ನಗುತ್ತಾ ಬುಟ್ಟಿ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮತ್ತೆ ದೋಣಿ ಹತ್ತಿದರು.