ಮಾತಿಲ್ಲದವರ ಕೆಂಡ

ಕುಂದಾಪುರದ ಬಸ್ ನಿಲ್ದಾಣದೆದುರು ಗಿರಿಜಕ್ಕನ ಚಹಾದಂಗಡಿ. ಬೈಂದೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕುಳಿತ ಶೆಟ್ಟರು ಜಾಂಬಿಯಾದ ತಾಮ್ರದ ಗಣಿಯೊಂದರಲ್ಲಿ ಗುಮಾಸ್ತರು, ರಜೆಗೆ ಊರಿಗೆ ಬಂದವರು.

“ನಮ್ಮ ಗಣಿಗೆ ಕರೆಂಟ್ ಮಾಡುದ್ ಪಕ್ಕದ ರೊಡೇಶಿಯಾದ ಕಲ್ಲಿದ್ದಲಿಂದ. ಆ ದೇಶಕ್ಕೂ ಜಾಂಬಿಯಾಕ್ಕೂ ಈಗ ಮಾತಿಲ್ಲೆ,” ಎಂದರು.

“ಹಾಗಾದರೆ ಕಲ್ಲಿದ್ದಲು?”

“ಅದ್ ಈಗ್ಲೂ ಬತ್ತಾ ಇತ್ತ್. ಜಾಂಬಿಯಾದ್ದೇ ಕಲ್ಲಿದ್ದಲ ಗಣಿಯೂ ಇತ್ತ್, ಅದ್ರದ್ದ್ ಸುಟ್ರೆ ಬರೀ ಬೂದಿ. ಅವ್ರ್ ಕೊಡುದ್ ನಿಲ್ಸ್ರೆ ನನ್ ಕೆಲ್ಸ ಹೋಯ್ತ್.”

ಜಗಳವಾಡಿದವನಿಗೆ ರೊಡೇಶಿಯಾದವರೇಕೆ ಮಾರುತ್ತಾರೆ, ಜಾಂಬಿಯಾದವರೇಕೆ ಕೊಳ್ಳುತ್ತಾರೆ? ನನಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಗಿರಿಜಕ್ಕನ ಒಲೆ ಆರಿತು. ಎದುರಿನ ಚಹಾದಂಗಡಿಯವನಿಗೂ ತನಗೂ ಮಾತಿಲ್ಲವೆಂದು ಆಕೆ ಆಗಲೇ ಹೇಳಿದ್ದಳು. ಗಿರಾಕಿಗಳಿಗಾಗಿ ಇಬ್ಬರಿಗೂ ಜಗಳ. ಈಗ ತೆಂಗಿನ ಗೆರಟೆಯೊಂದನ್ನು ಹಿಡಿದು ನೇರ ಅಲ್ಲಿಗೇ ಹೋದಳು. ಅವನು ಮುಖ ತಿರುಗಿಸಿಕೊಂಡೇ ಇಕ್ಕಳದಿಂದ ಕೆಂಡ ಹಾಕಿದ. ಇವಳೂ ಬಸ್ಸು ನೋಡುತ್ತಲೇ ಇಸಿದುಕೊಂಡಳು.

ಶೆಟ್ಟರು ಚಹಾ ಮರೆತು ಕೇಳಿದರು: “ಗಿರಿಜಕ್ಕ, ಅಂವ ಒಂದಿನ ಕೊಡ್ದಿರೆ?”

“ಅವ್ನ ಒಲಿ ಒಂದಿನ ಆರುದಿಲ್ಯಾ?” ಎಂದು ಆಕೆ ಕೆಂಡ ಊದಿದಳು.

ಶೆಟ್ಟರು ನನ್ನ ಕಡೆ ತಿರುಗಿದರು. “ಆ ರೊಡೇಶಿಯಾದವ್ರ ಒಲಿ ಆರುದೇ ಇಲ್ಲೆ ಮಾರಾಯ್ರೆ,” ಎಂದರು ಮೆಲ್ಲಗೆ.